ಮಾಯಲು 14 ವಾರ ತೆಗೆದುಕೊಂಡ ಒಸಡು: 72 ವರ್ಷದ ಮಹಿಳೆಯೊಬ್ಬರ ಪ್ರಕರಣ

ಕುರ್ಚಿಯಲ್ಲಿ ಕೂತವರೇ ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಾ ಹಲ್ಲೂ ಕೀಳಿಸಲೇಬೇಕಾ?"

ವಯಸ್ಸು 72. ಬಾಯಲ್ಲಿ ಇನ್ನೂ 24 ಹಲ್ಲುಗಳಿದ್ದವು. ಎಂಟು ತಿಂಗಳಿಂದ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. ಕೆಳಗಿನ ಮುಂದಿನ ಹಲ್ಲುಗಳ ನಡುವೆ ಒಸಡು ಊದಿಕೊಂಡಿತ್ತು. ಮೇಲಿನ ಎಡಗಡೆಯ ಒಂದು ದವಡೆ ಹಲ್ಲು ನಾಲಿಗೆ ತಾಗಿದರೂ ಅಲುಗಾಡುತ್ತಿತ್ತು. ಮೊದಲು ತೋರಿಸಿದ ಕಡೆ, "ವಯಸ್ಸಾಯ್ತಲ್ಲ, ಒಸಡಿನಲ್ಲಿ ಇನ್ನು ಶಕ್ತಿ ಉಳಿದಿಲ್ಲ, ಎಲ್ಲಾ ತೆಗೆಸಿ ಸೆಟ್ ಹಾಕಿಸಿಕೊಳ್ಳಿ" ಅಂದಿದ್ದರಂತೆ. ಅವರು ಅದನ್ನು ಹೆಚ್ಚುಕಡಿಮೆ ಒಪ್ಪಿಕೊಂಡೇ ಬಂದಿದ್ದರು. ಇನ್ನೊಬ್ಬರನ್ನು ಒಂದು ಸಲ ಕೇಳಿಬಿಡೋಣ ಅನ್ನಿಸಿತ್ತು, ಅಷ್ಟೆ.

ನಾನು ಒಸಡಿನ ಚಿಕಿತ್ಸೆ ಮಾಡುವ ದಂತವೈದ್ಯ. ಈ ಪ್ರಕರಣವನ್ನು ಪೂರ್ತಿ ಬರೆದಿಡಲು ಕಾರಣವಿದೆ. ಇವರ ಬಾಯಲ್ಲಿ ವಯಸ್ಸಿನ ಪಾಲು ನಿಜವಾಗಿಯೂ ಇತ್ತು. ಆದರೆ ವಯಸ್ಸಿನ ತಲೆಗೆ ಕಟ್ಟಿದ್ದರಲ್ಲಿ ಬಹಳಷ್ಟು ವಯಸ್ಸಿನದ್ದಾಗಿರಲಿಲ್ಲ. ಎರಡನ್ನೂ ಬಿಡಿಸಿ ನೋಡುವುದು ನನಗೂ ಸುಲಭವಾಗಲಿಲ್ಲ. ನಡುವೆ ಒಂದು ಕಡೆ ನಾನೇ ಅವಸರಪಟ್ಟೆ. ಅದನ್ನೂ ಬರೆಯುತ್ತೇನೆ. ಅವರ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲ ದಿನದ ಅಳತೆ

ಹಲ್ಲು ಮತ್ತು ಒಸಡಿನ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಒಸಡು ಚೆನ್ನಾಗಿದ್ದರೆ ಅದರ ಆಳ 1ರಿಂದ 3 ಮಿಲಿಮೀಟರ್. ಪ್ರೋಬ್ ಎಂಬ ಗೆರೆ ಹಾಕಿದ ತೆಳ್ಳನೆಯ ಕಡ್ಡಿಯನ್ನು ಆ ಸಂದಿಗೆ ಮೆಲ್ಲಗೆ ಇಳಿಸಿ ಅಳೆಯುತ್ತೇವೆ. ಒತ್ತಡ ಸುಮಾರು 25 ಗ್ರಾಂ ಇದ್ದರೆ ಸಾಕು. ಉಗುರಿನ ಅಂಚಿನ ಕೆಳಗೆ ಒತ್ತಿದರೂ ನೋವಾಗದಷ್ಟು ಹಗುರ. ಪ್ರತಿ ಹಲ್ಲಿಗೆ ಆರು ಕಡೆ ಅಳೆಯಬೇಕು. 24 ಹಲ್ಲಿಗೆ 144 ಜಾಗ.

144ರಲ್ಲಿ 89 ಕಡೆ ರಕ್ತ ಬಂತು. ಅಂದರೆ ಶೇಕಡಾ 62. ಆರೋಗ್ಯವಾದ ಬಾಯಲ್ಲಿ ಇದು ಶೇಕಡಾ 10ಕ್ಕಿಂತ ಕಡಿಮೆ ಇರಬೇಕು. ರೋಗದಿಂದ ಆಳವಾದ ಸಂದನ್ನು ಪಾಕೆಟ್ ಎನ್ನುತ್ತೇವೆ. 6 ಮಿಲಿಮೀಟರ್ ಅಥವಾ ಅದಕ್ಕೂ ಆಳವಾದ ಪಾಕೆಟ್ 17 ಕಡೆ ಇದ್ದವು. ಅಲುಗಾಡುತ್ತಿದ್ದ ದವಡೆ ಹಲ್ಲಿನಲ್ಲಿ ಪ್ರೋಬ್ 9 ಮಿಲಿಮೀಟರ್ ಇಳಿಯಿತು. ಅದರ ಬೇರುಗಳು ಕವಲೊಡೆಯುವ ಜಾಗದಲ್ಲಿ ಮೂಳೆಯೇ ಇರಲಿಲ್ಲ. ಕಡ್ಡಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಬರುತ್ತಿತ್ತು.

ಎಕ್ಸ್‌ರೇಯಲ್ಲಿ ಆ ಹಲ್ಲಿನ ಬೇರಿನ ಸುತ್ತ ಶೇಕಡಾ 65ರಷ್ಟು ಮೂಳೆ ಹೋಗಿತ್ತು. ಉಳಿದ ಹಲ್ಲುಗಳಲ್ಲಿ ಹೆಚ್ಚಿನವಕ್ಕೆ ಈ ನಷ್ಟ ಮೂರರಲ್ಲಿ ಒಂದು ಭಾಗದ ಒಳಗೇ ಇತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಎಕ್ಸ್‌ರೇ ನೋಡಿದ ತಕ್ಷಣ "ಇಷ್ಟೊಂದು ಮೂಳೆ ಹೋಗಿದೆ" ಎಂದು ಗಾಬರಿ ಆಗುತ್ತದೆ. ಆದರೆ ಒಮ್ಮೆ ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಮೂವತ್ತನೇ ವಯಸ್ಸಿನಲ್ಲಿ ಹೋಗಿದ್ದೂ, ಐವತ್ತರಲ್ಲಿ ಹೋಗಿದ್ದೂ ಅಲ್ಲೇ ಒಟ್ಟಾಗಿ ಕಾಣುತ್ತದೆ. ಅಂದರೆ ಮೂಳೆ ತೋರಿಸುವುದು ಇಡೀ ಜೀವಮಾನದ ಲೆಕ್ಕವನ್ನು. ಈಗ ರೋಗ ಎಷ್ಟು ಜೋರಾಗಿದೆ ಎಂಬುದಕ್ಕೆ ರಕ್ತ ಬರುವ ಜಾಗಗಳನ್ನು ಎಣಿಸಬೇಕು. 2018ರಲ್ಲಿ ಪ್ರಕಟವಾದ ಒಸಡು ರೋಗದ ವರ್ಗೀಕರಣದಲ್ಲಿ ಇದಕ್ಕೆ ಒಂದು ಸರಳ ಲೆಕ್ಕವಿದೆ. ಅತಿ ಹೆಚ್ಚು ಹಾಳಾದ ಹಲ್ಲಿನ ಮೂಳೆ ನಷ್ಟದ ಶೇಕಡಾವಾರನ್ನು ವಯಸ್ಸಿನಿಂದ ಭಾಗಿಸುವುದು. ಇವರಿಗೆ 65ನ್ನು 72ರಿಂದ ಭಾಗಿಸಿದರೆ 0.9. ಇದು ಮಧ್ಯಮ ವೇಗ. ಅದೇ 65 ಶೇಕಡಾ 36 ವರ್ಷದವರಲ್ಲಿ ಕಂಡಿದ್ದರೆ 1.8 ಆಗುತ್ತಿತ್ತು. ಅದು ಓಡುವ ರೋಗ. ಒಂದೇ ಎಕ್ಸ್‌ರೇ, ಎರಡು ಬೇರೆ ಅರ್ಥ.

ಎಲ್ಲರ ಒಸಡೂ ವಯಸ್ಸಿನ ಜೊತೆ ಒಂದೇ ವೇಗದಲ್ಲಿ ಹಾಳಾಗುತ್ತದೆ ಎನ್ನುವುದೂ ಸುಳ್ಳು. ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಅವರಿಗೆ ಹಲ್ಲಿನ ಚಿಕಿತ್ಸೆಯೇ ಸಿಗುತ್ತಿರಲಿಲ್ಲ, ನಾವು ಉಜ್ಜುವಂತೆ ಉಜ್ಜುವ ರೂಢಿಯೂ ಇರಲಿಲ್ಲ. ಬಾಯಿ ತುಂಬ ಪಾಚಿ (ಹಲ್ಲಿಗೆ ಅಂಟುವ ರೋಗಾಣುಗಳ ಪದರ), ಕಿಟ್ಟ (ಅದೇ ಗಟ್ಟಿಯಾಗಿದ್ದು). ಆದರೂ ಶೇಕಡಾ 8 ಜನರಿಗೆ ಮಾತ್ರ ರೋಗ ವೇಗವಾಗಿ ಬೆಳೆಯಿತು. ಶೇಕಡಾ 81 ಜನರಿಗೆ ಮಧ್ಯಮ ವೇಗ. ಶೇಕಡಾ 11 ಜನರಿಗೆ ಒಸಡಿನ ಉರಿಯೂತ ಬಿಟ್ಟು ಮುಂದಕ್ಕೆ ಹೋಗಲೇ ಇಲ್ಲ. ಎಲ್ಲರಿಗೂ ವಯಸ್ಸು ಆಗುತ್ತಲೇ ಇತ್ತು, ಅಲ್ವಾ?

ವಯಸ್ಸಿನ ನಿಜವಾದ ಪಾಲು

ಹಾಗಂತ ವಯಸ್ಸು ಏನೂ ಮಾಡುವುದಿಲ್ಲ ಎಂದು ಅವರಿಗೆ ಹೇಳಲು ನನಗೆ ಮನಸ್ಸಿರಲಿಲ್ಲ. ಅದೂ ನಿಜವಲ್ಲ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಒಂದು ಸಣ್ಣ ಪ್ರಯೋಗ ಮಾಡಿದರು. ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳ ಒಳಗೆ ಎಲ್ಲರ ಒಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಹತ್ತು ವರ್ಷ ಬಿಟ್ಟು, 1975ರಲ್ಲಿ, ಇದೇ ಬಗೆಯ ಪ್ರಯೋಗವನ್ನು ಯುವಕರನ್ನೂ ವಯಸ್ಸಾದವರನ್ನೂ ಅಕ್ಕಪಕ್ಕ ಇಟ್ಟು ಮಾಡಿದರು. ವಯಸ್ಸಾದವರಲ್ಲಿ ಪಾಚಿ ಜಾಸ್ತಿ ಕಟ್ಟಿತು. ಉರಿಯೂತ ಬೇಗ ಬಂತು, ಜೋರಾಗಿಯೂ ಬಂತು. ಆದರೆ ಬಾಯಿ ಶುಚಿಯಾದ ಮೇಲೆ ಅವರ ಒಸಡೂ ಆರೋಗ್ಯಕ್ಕೆ ಮರಳಿತು. ಈ ಕೊನೆಯ ಮಾತನ್ನು ಅವರಿಗೆ ಎರಡು ಸಲ ಹೇಳಿದೆ.

ಉರಿಯೂತ ಯಾಕೆ ಬೇಗ ಹೊತ್ತಿಕೊಳ್ಳುತ್ತದೆ? ಒಸಡಿನ ಸಂದಿನಲ್ಲಿ ಕಾವಲು ಕಾಯುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ವಯಸ್ಸಾದಂತೆ ಇವುಗಳ ಸಂಖ್ಯೆ ಅಷ್ಟೇನೂ ಕಡಿಮೆ ಆಗುವುದಿಲ್ಲ. ದಾರಿ ತಪ್ಪುತ್ತವೆ. ರೋಗಾಣು ಇದ್ದ ಕಡೆಗೆ ನೇರವಾಗಿ ಹೋಗುವ ಬದಲು ಅಲ್ಲಿ ಇಲ್ಲಿ ಅಲೆಯುತ್ತವೆ. ಅಲೆಯುವಾಗ ಅವು ಬಿಡುವ ಎಂಜೈಮುಗಳು ನಮ್ಮದೇ ಅಂಗಾಂಶವನ್ನು ಕರಗಿಸುತ್ತವೆ. ಇಷ್ಟು ಬಿಳಿ ಕಣ ಸಾಕು ಎಂದು ತಡೆಯುವ ಡೆಲ್-1 ಎಂಬ ಪ್ರೋಟೀನ್ ಒಂದಿದೆ. ವಯಸ್ಸಾದ ಇಲಿಗಳ ಒಸಡಿನಲ್ಲಿ ಇದು ಕಡಿಮೆಯಾಗಿರುತ್ತದೆ, ಅದರ ಜೊತೆಗೇ ಮೂಳೆ ಸವೆಯುತ್ತದೆ ಎಂಬುದು 2012ರಲ್ಲಿ ಗೊತ್ತಾಯಿತು. ಒಸಡಿಗೆ ಈ ಪ್ರೋಟೀನನ್ನು ಹೊರಗಿನಿಂದ ಕೊಟ್ಟಾಗ ಇಲಿಗಳಲ್ಲಿ ಉರಿಯೂತವೂ ಮೂಳೆ ನಷ್ಟವೂ ತಗ್ಗಿದವು.

ಹೊತ್ತಿಕೊಂಡ ಉರಿಯೂತ ಆರುವುದೂ ನಿಧಾನ. ಕೆಲಸ ಮುಗಿಸಿ ಸತ್ತ ಬಿಳಿ ಕಣಗಳನ್ನು ನುಂಗಿ ಜಾಗ ಖಾಲಿ ಮಾಡುವುದು ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ಕಣ. ವಯಸ್ಸಾದವರಲ್ಲಿ ಈ ಗುಡಿಸುವ ಕೆಲಸ ಮಂದವಾಗುತ್ತದೆ. ಇದರ ಜೊತೆ, ಇಡೀ ದೇಹದಲ್ಲಿ ಸಣ್ಣಗೆ ಒಂದು ಉರಿಯೂತ ಯಾವಾಗಲೂ ಇದ್ದೇ ಇರುತ್ತದೆ. ಇಟಲಿಯ ವಿಜ್ಞಾನಿ ಕ್ಲಾಡಿಯೋ ಫ್ರಾನ್ಸೆಸ್ಕಿ 2000ನೇ ಇಸವಿಯಲ್ಲಿ ಇದಕ್ಕೆ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು.

ಮಾಯುವ ವಿಷಯಕ್ಕೆ ಬಂದರೆ, ಒಸಡಿನ ನಾರು ನೇಯುವುದು ಫೈಬ್ರೋಬ್ಲಾಸ್ಟ್ ಎಂಬ ಕೋಶ. ವಯಸ್ಸಾದಂತೆ ಇವು ನಿಧಾನವಾಗಿ ಹೆಚ್ಚುತ್ತವೆ, ಗಾಯದ ಕಡೆಗೆ ನಿಧಾನವಾಗಿ ಸರಿಯುತ್ತವೆ. ಅಂಗುಳಿನ ಮೇಲೆ 3.5 ಮಿಲಿಮೀಟರಿನ ಚಿಕ್ಕ ಗಾಯ ಮಾಡಿ ಗಮನಿಸಿದ 2006ರ ಅಧ್ಯಯನದಲ್ಲಿ, 50 ದಾಟಿದವರ ಗಾಯ 18ರಿಂದ 35ರ ವಯಸ್ಸಿನವರಿಗಿಂತ ತಡವಾಗಿ ಮಾಯಿತು. ಹೆಂಗಸರಲ್ಲಿ ಗಂಡಸರಿಗಿಂತ ತಡ. ಎಲ್ಲರ ಗಾಯವೂ ಮಾಯುತ್ತದೆ, ವ್ಯತ್ಯಾಸ ದಿನಗಳಲ್ಲಿ. ಒಸಡಿನ ಚಿಕಿತ್ಸೆಯ ಕೊನೆಯ ಫಲಿತಾಂಶವನ್ನು ವಯಸ್ಸಿನ ಪ್ರಕಾರ ಹೋಲಿಸಿ ನೋಡಿದ 1985ರ ಒಂದು ಅಧ್ಯಯನದಲ್ಲಂತೂ, ಶುಚಿ ಚೆನ್ನಾಗಿ ಇಟ್ಟುಕೊಂಡವರಲ್ಲಿ ವಯಸ್ಸಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನನ್ನ ಮಟ್ಟಿಗೆ ಇದರ ಅರ್ಥ ಇಷ್ಟು. ವಯಸ್ಸು ಕಿತ್ತುಕೊಳ್ಳುವುದು ಸಮಯವನ್ನು. ಮಾಯುವ ಶಕ್ತಿಯನ್ನೇ ಪೂರ್ತಿ ಕಿತ್ತುಕೊಳ್ಳುವುದಿಲ್ಲ.

ವಯಸ್ಸಿನ ಜೊತೆ ಬಂದಿದ್ದು

ಮಾತ್ರೆಗಳ ಚೀಟಿ ತರಲು ಹೇಳಿದ್ದೆ. ನಾಲ್ಕಿದ್ದವು. ಬಿಪಿಗೆ ಅಮ್ಲೋಡಿಪಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೃದಯಕ್ಕೆಂದು ಕಡಿಮೆ ಪ್ರಮಾಣದ ಆಸ್ಪಿರಿನ್, ಕಾಲಿನ ನರದ ಉರಿಗೆ ರಾತ್ರಿ ಒಂದು ಅಮಿಟ್ರಿಪ್ಟಿಲಿನ್.

ಈ ಚೀಟಿ ಓದುತ್ತಿದ್ದಂತೆ ಅರ್ಧ ಕಥೆ ಬಿಚ್ಚಿಕೊಂಡಿತು. ಅಮ್ಲೋಡಿಪಿನ್ ಕೆಲವರಲ್ಲಿ ಒಸಡು ಬೆಳೆಯುವಂತೆ ಮಾಡುತ್ತದೆ. ಪಾಚಿಯೂ ಇದ್ದರೆ ಇನ್ನೂ ಜಾಸ್ತಿ. ಕೆಳಗಿನ ಮುಂದಿನ ಹಲ್ಲುಗಳ ನಡುವೆ ಊದಿದ್ದು ಬರೀ ಊತವಲ್ಲ, ಬೆಳೆದ ಒಸಡು. ಎಂಟು ತಿಂಗಳ ಲೆಕ್ಕವೂ ಹೊಂದಿತು. ಸುಮಾರು ಒಂದು ವರ್ಷದ ಹಿಂದೆ ಆ ಮಾತ್ರೆಯನ್ನು 5ರಿಂದ 10 ಮಿಲಿಗ್ರಾಂಗೆ ಏರಿಸಿದ್ದರು. ಅಮಿಟ್ರಿಪ್ಟಿಲಿನ್ ಜೊಲ್ಲನ್ನು ಒಣಗಿಸುತ್ತದೆ. ರಾತ್ರಿ ಎರಡು ಮೂರು ಸಲ ಎದ್ದು ನೀರು ಗುಟುಕರಿಸುತ್ತೇನೆ ಎಂದು ಅವರು ಹೇಳಿದ್ದರು, ಅದನ್ನೂ ವಯಸ್ಸಿನ ಲೆಕ್ಕಕ್ಕೇ ಹಾಕಿಕೊಂಡಿದ್ದರು. ವಯಸ್ಸಾದವರ ಬಾಯಿ ಒಣಗಿದೆ ಎಂದರೆ ಮೊದಲು ಮಾತ್ರೆಗಳನ್ನು ಅನುಮಾನಿಸಬೇಕು. ಆಸ್ಪಿರಿನ್ ಇರುವುದರಿಂದ ರಕ್ತ ಬರುವ ಜಾಗಗಳ ಎಣಿಕೆ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.1 ಇತ್ತು. 7 ದಾಟಿದರೆ ಒಸಡು ರೋಗ ವೇಗ ಹಿಡಿಯುವ ಸಾಧ್ಯತೆ ಜಾಸ್ತಿ. ಹೀಗಾಗಿ ವಯಸ್ಸಿನ ಲೆಕ್ಕದಲ್ಲಿ ಮಧ್ಯಮ ಎಂದು ಬಂದಿದ್ದ ದರ್ಜೆಯನ್ನು ಸಕ್ಕರೆಯ ಕಾರಣಕ್ಕೆ ಮೇಲಿನ ದರ್ಜೆಗೆ ಏರಿಸಬೇಕಾಯಿತು.

ಆಮೇಲೆ ಅವರ ಕೈಗೆ ಬ್ರಷ್ ಕೊಟ್ಟೆ. "ಮನೆಯಲ್ಲಿ ಹೇಗೆ ಉಜ್ಜುತ್ತೀರೋ ಹಾಗೇ ಉಜ್ಜಿ, ನಾನು ಸುಮ್ನೆ ನೋಡ್ತೀನಿ" ಅಂದೆ.

ಅವರು ಬಲಗೈಯಲ್ಲಿ ಹಿಡಿದರು. ಎಡಗಡೆಯ ಹೊರಮೈ ಚೆನ್ನಾಗಿ ಉಜ್ಜಿದರು. ಮುಂದಿನ ಹಲ್ಲುಗಳಿಗೆ ಬಂದರು. ಬಲಗಡೆಗೆ ತಿರುಗಿಸುವಾಗ ಮಣಿಕಟ್ಟು ಬಾಗಲಿಲ್ಲ, ಅದರ ಬದಲು ಮೊಣಕೈ ಮೇಲೆದ್ದಿತು. ಬಲಗಡೆ ಕೆಳಗಿನ ದವಡೆ ಹಲ್ಲಿನ ಒಳಮೈಗೆ, ಅಂದರೆ ನಾಲಿಗೆಯ ಕಡೆಗೆ, ಬ್ರಷ್ ಇಳಿಸಿದರು. ಒಂದು ಸಲ ಎಳೆದರು. ಮುಖ ಸಣ್ಣಗೆ ಹಿಂಡಿತು. ಬ್ರಷ್ ಮೇಲಕ್ಕೆ ಜಾರಿ ಹಲ್ಲಿನ ತುದಿಯ ಮೇಲೆ ಮಾತ್ರ ಓಡಾಡಿತು. ಹೆಬ್ಬೆರಳಿನ ಬುಡದ ಕೀಲಿನಲ್ಲಿ ಅವರಿಗೆ ಸಂಧಿವಾತ ಇತ್ತು. ತೆಳ್ಳಗಿನ ಹಿಡಿಕೆಯನ್ನು ಒತ್ತಿ ಹಿಡಿದು ತಿರುಗಿಸುವುದೇ ಅವರಿಗೆ ನೋವು. ಹೀಗೆ ನೋವಾಗುತ್ತದೆ ಎಂದು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ನನ್ನ ಅಳತೆಯ ಹಾಳೆ ಪಕ್ಕದಲ್ಲೇ ಇತ್ತು. 17 ಆಳದ ಪಾಕೆಟ್‌ಗಳಲ್ಲಿ 9 ಬಲಗಡೆ ಕೆಳಗಿನ ಒಳಮೈಯಲ್ಲೇ ಇದ್ದವು. ವಯಸ್ಸು ಒಂದೇ ಕಾರಣವಾಗಿದ್ದರೆ ಬಾಯಿಯ ಎರಡೂ ಕಡೆ ಒಂದೇ ರೀತಿ ಇರಬೇಕಿತ್ತು. ರೋಗ ಕೂತಿದ್ದು ಹೆಬ್ಬೆರಳು ಸೋತ ಜಾಗದಲ್ಲಿ.

ಚಿಕಿತ್ಸೆ

ಅವರ ವೈದ್ಯರಿಗೆ ಒಂದು ಪತ್ರ ಬರೆದೆ. ಅಮ್ಲೋಡಿಪಿನ್ ಬದಲು ಬೇರೆ ಗುಂಪಿನ ಬಿಪಿ ಮಾತ್ರೆ ಆಗುತ್ತದೆಯೇ, ರಾತ್ರಿಯ ಮಾತ್ರೆಗೆ ಬಾಯಿ ಅಷ್ಟಾಗಿ ಒಣಗಿಸದ ಪರ್ಯಾಯ ಇದೆಯೇ ಎಂದು ಕೇಳಿದೆ. ಅವರು ಬಿಪಿಗೆ ಲೊಸಾರ್ಟಾನ್ ಕೊಟ್ಟರು, ರಾತ್ರಿಯ ಮಾತ್ರೆಯನ್ನೂ ಬದಲಿಸಿದರು. ಓದುವವರಿಗೆ ಒಂದು ಮಾತು. ಇಂಥ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಒಸಡಿಗಿಂತ ಬಿಪಿ ದೊಡ್ಡದು.

ಬ್ರಷ್ ಬದಲಾಯಿತು. ದಪ್ಪ ಹಿಡಿಕೆಯ ಎಲೆಕ್ಟ್ರಿಕ್ ಬ್ರಷ್. ತಿರುಗಿಸುವ ಕೆಲಸ ಅದೇ ಮಾಡುತ್ತದೆ, ಹೆಬ್ಬೆರಳಿಗೆ ಹಿಡಿದುಕೊಳ್ಳುವುದಷ್ಟೇ ಕೆಲಸ. ಹಲ್ಲುಗಳ ಸಂದಿಗೆ ಚಿಕ್ಕ ಸಂದು ಬ್ರಷ್. ದಾರ ಬೇಡವೆಂದೆ, ಆ ಬೆರಳುಗಳಿಗೆ ಅದು ಆಗದ ಕೆಲಸ. ಒಸಡು ಕೆಳಗಿಳಿದು ಸಂದು ಅಗಲವಾಗಿರುವ ಬಾಯಿಗೆ ಸಂದು ಬ್ರಷ್ಷೇ ಸರಿ. ಬಲಗಡೆಯಿಂದ ಉಜ್ಜಲು ಶುರು ಮಾಡಿ ಎಂದೂ ಹೇಳಿದೆ. ಕೈ ದಣಿಯುವ ಮೊದಲು ಕಷ್ಟದ ಜಾಗ ಮುಗಿಯಲಿ ಎಂದು.

ಪಾಕೆಟ್‌ಗಳ ಒಳಗೆ ಬೇರಿಗೆ ಅಂಟಿದ ಕಿಟ್ಟ ತೆಗೆಯುವ ಕೆಲಸವನ್ನು ನಾಲ್ಕು ಸಲಕ್ಕೆ ಹಂಚಿದೆ. ಒಂದು ಸಲಕ್ಕೆ 40 ನಿಮಿಷಕ್ಕಿಂತ ಜಾಸ್ತಿ ಅವರಿಗೆ ಬಾಯಿ ತೆರೆದು ಕೂರಲು ಆಗುತ್ತಿರಲಿಲ್ಲ.

ಮೇಲಿನ ಎಡ ದವಡೆ ಹಲ್ಲನ್ನು ತೆಗೆಯಲೇಬೇಕಿತ್ತು. ಅದಕ್ಕೆ ಮೊದಲು ಈ ವಯಸ್ಸಿನ ಪ್ರತಿಯೊಬ್ಬರನ್ನೂ ಕೇಳಬೇಕಾದ ಪ್ರಶ್ನೆ ಕೇಳಿದೆ. ಮೂಳೆ ಸವೆತಕ್ಕೆ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ಯಾವತ್ತಾದರೂ ತಗೊಂಡಿದ್ದೀರಾ? ಅಲೆಂಡ್ರೋನೇಟ್‌ನಂಥ ಔಷಧಿ ತೆಗೆದುಕೊಂಡವರಲ್ಲಿ ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಮಾಯದೆ ಸತ್ತು ಹೊರಗೆ ಕಾಣುವ ತೊಂದರೆ ಅಪರೂಪಕ್ಕೆ ಬರುತ್ತದೆ. ಅವರು ತೆಗೆದುಕೊಂಡಿರಲಿಲ್ಲ. ಆಸ್ಪಿರಿನ್ ನಿಲ್ಲಿಸಲಿಲ್ಲ. ಕಡಿಮೆ ಪ್ರಮಾಣದಲ್ಲಿ ಇರುವಾಗ ಒಂದು ಹಲ್ಲಿಗಾಗಿ ಅದನ್ನು ನಿಲ್ಲಿಸುವುದು ತಪ್ಪು. ಹತ್ತಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ, ನಿಂತಿತು ಕೂಡ.

ಆ ಕುಳಿಯನ್ನು ಪ್ರತಿ ಭೇಟಿಯಲ್ಲಿ ನೋಡುತ್ತಿದ್ದೆ. ಗಾಯ ಮಾಯುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಮೊದಲ ದಿನ ಕಪ್ಪು ಕೆಂಪಿನ ಹೆಪ್ಪು. ಒಂದು ವಾರಕ್ಕೆ ಅದರ ಮೇಲೆ ಬಿಳಿ ಹಳದಿ ಪೊರೆ. ಇದನ್ನು ಕೀವು ಎಂದು ಹಲವರು ಹೆದರುತ್ತಾರೆ, ಕೀವಲ್ಲ, ಗಾಯ ಮುಚ್ಚುವ ನಾರು. ಪೊರೆಯ ಕೆಳಗೆ ಕೆಂಪು ಹರಳಿನಂಥ ಹೊಸ ಅಂಗಾಂಶ ಏಳುತ್ತದೆ. ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಗೆ ಸರಿಯುತ್ತದೆ. ಸಾಮಾನ್ಯವಾಗಿ ನಾಲ್ಕೈದು ವಾರದಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಇವರ ಕುಳಿ ಐದನೇ ವಾರಕ್ಕೆ ಇನ್ನೂ ಕಡಲೆಕಾಳಿನಷ್ಟು ತೆರೆದೇ ಇತ್ತು. ಕೀವಿಲ್ಲ, ವಾಸನೆ ಇಲ್ಲ, ನೋವಿಲ್ಲ. ಕೆಲಸ ನಡೆಯುತ್ತಿತ್ತು, ನಿಧಾನಕ್ಕೆ. ಏಳನೇ ವಾರಕ್ಕೆ ಮುಚ್ಚಿತು.

ಈ ಕುಳಿ ನನಗೆ ಏನು ಹೇಳುತ್ತಿತ್ತೋ ಅದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಆರನೇ ವಾರ, ಮತ್ತು ನನ್ನ ಅವಸರ

ಬೇರು ಶುಚಿ ಮಾಡಿದ ಮೇಲೆ ಒಸಡಿನ ಮೇಲ್ಪದರ ಒಂದೆರಡು ವಾರದಲ್ಲೇ ಹಲ್ಲಿಗೆ ಮತ್ತೆ ಅಂಟಿಕೊಳ್ಳುತ್ತದೆ. ಒಳಗಿನ ನಾರು ಗಟ್ಟಿಯಾಗಲು ಇನ್ನೂ ಹಲವು ವಾರ ಬೇಕು. ಅದಕ್ಕೇ ಮರು ಅಳತೆ ಆರು ವಾರಕ್ಕೆ ಮೊದಲು ಮಾಡಬಾರದು, ಹನ್ನೆರಡು ವಾರದವರೆಗೂ ಕಾಯಬಹುದು. ನಾನು ಆರನೇ ವಾರಕ್ಕೇ ಅಳೆದೆ.

ಈಗ 23 ಹಲ್ಲು, 138 ಜಾಗ. ರಕ್ತ ಬಂದಿದ್ದು 41 ಕಡೆ, ಶೇಕಡಾ 30. ಆಳದ ಪಾಕೆಟ್ 7 ಉಳಿದಿದ್ದವು. ಅದರಲ್ಲಿ 5 ಬಲಗಡೆ ಕೆಳಗೆ. ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲಿನ ನಡುವಿನ ಒಸಡಿನ ತುದಿ ಇನ್ನೂ ಕೆಂಪಾಗಿ, ನುಣ್ಣಗೆ ಹೊಳೆಯುತ್ತಿತ್ತು. ಆರೋಗ್ಯವಾದ ಒಸಡಿನ ಮೇಲೆ ಅನೇಕರಲ್ಲಿ ಕಿತ್ತಳೆ ಸಿಪ್ಪೆಯಂಥ ಚುಕ್ಕಿಗಳಿರುತ್ತವೆ, ಅವು ಅಲ್ಲಿರಲಿಲ್ಲ. ಪ್ರೋಬ್ ತೆಗೆದ ಕೆಲವು ಕ್ಷಣಗಳ ನಂತರ ರಕ್ತ ಜಿನುಗಿ ಸಂದಿನಲ್ಲಿ ನಿಂತಿತು.

ನಾನು ಆಪರೇಷನ್ ಬರೆದೆ. ಒಸಡು ಬಿಡಿಸಿ ಬೇರನ್ನು ಕಣ್ಣಾರೆ ನೋಡಿ ಶುಚಿ ಮಾಡಿ ಹೊಲಿಯುವುದು. ಅಳತೆ ನೋಡಿದರೆ ತಪ್ಪಿರಲಿಲ್ಲ. 6 ಮಿಲಿಮೀಟರ್ ಉಳಿದರೆ ಆ ದಾರಿ ಇದೆ. ದಿನ ಗೊತ್ತು ಮಾಡಲು ಕೇಳಿದಾಗ ಅವರು ಮೊಬೈಲ್ ತೆಗೆದು ಮಗಳಿಗೆ ಫೋನ್ ಮಾಡಿದರು. "ಆ ದಿನ ಅಪ್ಪನ ಹತ್ತಿರ ಯಾರಾದರೂ ಇರಬೇಕಲ್ಲ" ಎಂದು ಹೇಳುವುದು ಕೇಳಿಸಿತು.

ಗಂಡನಿಗೆ ಮೂರು ವರ್ಷದಿಂದ ಮರೆವಿನ ಕಾಯಿಲೆ. ಅವರನ್ನು ನೋಡಿಕೊಳ್ಳುವುದು ಇವರೊಬ್ಬರೇ. ರಾತ್ರಿ ಅವರು ಎದ್ದು ಬಾಗಿಲು ತೆರೆದು ಹೊರಡುತ್ತಾರೆ. ಹಾಗಾಗಿ ಇವರು ಬಾಗಿಲ ಹತ್ತಿರವೇ ಮಲಗುತ್ತಾರೆ. ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡಿ ಎಷ್ಟು ದಿನವಾಯ್ತೋ ನೆನಪಿಲ್ಲ ಅಂದರು. ಮಾತ್ರೆ ಕೇಳಿದ್ದೆ, ಬ್ರಷ್ ನೋಡಿದ್ದೆ, ಸಕ್ಕರೆ ಅಳೆಸಿದ್ದೆ. ಮನೆಯಲ್ಲಿ ಯಾರಿದ್ದಾರೆ ಎಂದು ಮಾತ್ರ ಕೇಳಿರಲಿಲ್ಲ. ಮೊದಲ ದಿನವೇ ಕೇಳಬೇಕಿತ್ತು.

ಇದು ಒಸಡಿಗೆ ಸಂಬಂಧವಿಲ್ಲದ ಕಥೆಯಲ್ಲ. 1995ರಲ್ಲಿ ಅಮೆರಿಕದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಮರೆವಿನ ಕಾಯಿಲೆಯ ಸಂಬಂಧಿಕರನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರು, ಅದೇ ವಯಸ್ಸಿನ, ಆ ಹೊರೆ ಇಲ್ಲದ 13 ಮಹಿಳೆಯರು. ಎಲ್ಲರ ಚರ್ಮದ ಮೇಲೂ 3.5 ಮಿಲಿಮೀಟರಿನ ಗಾಯ. ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು. ವಯಸ್ಸು ಎರಡೂ ಗುಂಪಿನಲ್ಲಿ ಒಂದೇ ಎಂಬುದನ್ನು ಗಮನಿಸಿ. 1998ರಲ್ಲಿ ಅದೇ ತಂಡ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನ ಮೇಲೆ ಇಂಥದ್ದೇ ಗಾಯ ಮಾಡಿ ನೋಡಿತು. ಪರೀಕ್ಷೆಯ ಹೊತ್ತಿನಲ್ಲಿ ಮಾಡಿದ ಗಾಯ, ರಜೆಯಲ್ಲಿ ಮಾಡಿದ್ದಕ್ಕಿಂತ ಶೇಕಡಾ 40ರಷ್ಟು ನಿಧಾನವಾಗಿ ಮಾಯಿತು. ಇಪ್ಪತ್ತರ ಹುಡುಗರಲ್ಲೇ ಹೀಗೆ.

ಆ ಸಂಜೆ ಅಳತೆಗಳನ್ನು ಮತ್ತೆ ನೋಡಿದೆ. ಆ ಐದು ಜಾಗಗಳೂ ಕಡಿಮೆ ಆಗಿದ್ದವು, 8 ಇದ್ದದ್ದು 6 ಆಗಿತ್ತು, 7 ಇದ್ದದ್ದೂ 6 ಆಗಿತ್ತು. ಇಷ್ಟು ಆಳದ ಪಾಕೆಟ್ ಶುಚಿ ಮಾಡಿದರೆ ಸರಾಸರಿ 2 ಮಿಲಿಮೀಟರ್ ಕಡಿಮೆ ಆಗುತ್ತದೆ. ಆರು ವಾರಕ್ಕೇ ಅದರ ಹತ್ತಿರಕ್ಕೆ ಬಂದಿದ್ದರು. ನಿಂತ ಗಾಯವಲ್ಲ ಇದು, ನಡೆಯುತ್ತಿರುವ ಗಾಯ. ಏಳು ವಾರ ತೆಗೆದುಕೊಂಡ ಕುಳಿಯ ಹಾಗೆಯೇ. ಇದರ ಮೇಲೆ ಕತ್ತರಿ ಆಡಿಸಿದರೆ ಮತ್ತೊಂದು ಗಾಯ ಮಾಡಿ, ಅದನ್ನೂ ಅದೇ ದಣಿದ ದೇಹಕ್ಕೆ ಮಾಯಿಸು ಎಂದು ಕೊಟ್ಟಂತೆ.

ಆಪರೇಷನ್ ಮುಂದೂಡಿದೆ. ಆ ಏಳು ಜಾಗಗಳನ್ನು ಇನ್ನೊಮ್ಮೆ ಶುಚಿ ಮಾಡಿದೆ. ಮಗಳನ್ನು ಕರೆಸಿ ಮಾತಾಡಿದೆ. ವಾರಕ್ಕೆ ಮೂರು ರಾತ್ರಿ ಅವಳು ಬಂದು ತಂದೆಯ ಹತ್ತಿರ ಮಲಗುವುದೆಂದು ಅವರೇ ಗೊತ್ತು ಮಾಡಿಕೊಂಡರು. ಒಸಡಿನ ವೈದ್ಯ ಬರೆಯುವ ಚೀಟಿಯಲ್ಲಿ ನಿದ್ದೆಗೆ ಜಾಗವಿಲ್ಲ. ಆದರೂ ನಾನು ಅವರ ಫೈಲಿನಲ್ಲಿ ಅದನ್ನು ಚಿಕಿತ್ಸೆಯ ಸಾಲಿನಲ್ಲೇ ಬರೆದೆ.

ಹದಿನಾಲ್ಕನೇ ವಾರಕ್ಕೆ ರಕ್ತ 25 ಕಡೆ, ಶೇಕಡಾ 18. ಆಳದ ಪಾಕೆಟ್ 3. ಕೋರೆಹಲ್ಲಿನ ಪಕ್ಕದ ಆ ಜಾಗ 4 ಮಿಲಿಮೀಟರ್, ರಕ್ತವಿಲ್ಲ. ಒಸಡಿನ ತುದಿ ಗಟ್ಟಿಯಾಗಿ ಗುಲಾಬಿಯಾಗಿತ್ತು. ಮುಂದಿನ ಹಲ್ಲುಗಳ ನಡುವೆ ಬೆಳೆದಿದ್ದ ಒಸಡೂ ಬಹುಪಾಲು ಇಳಿದಿತ್ತು. ಎಚ್‌ಬಿಎ1ಸಿ 7.4. ಒಸಡಿನ ಚಿಕಿತ್ಸೆಯಿಂದ ಮೂರು ನಾಲ್ಕು ತಿಂಗಳಲ್ಲಿ ಇದು ಸರಾಸರಿ 0.4ರಷ್ಟು ಇಳಿಯುವುದುಂಟು. ಉಳಿದಿದ್ದು ಮಗಳು ಬಂದ ಮೇಲೆ ಸಿಕ್ಕ ನಿದ್ದೆಯಿಂದ, ಹೊತ್ತಿಗೆ ಸರಿಯಾದ ಊಟದಿಂದ ಇರಬಹುದು. ಯಾವುದಕ್ಕೆ ಎಷ್ಟು ಪಾಲು ಎಂದು ಬಿಡಿಸಿ ಹೇಳಲು ಒಬ್ಬರ ಪ್ರಕರಣದಿಂದ ಆಗುವುದಿಲ್ಲ. ನಿದ್ದೆ ಮತ್ತು ಒಸಡಿನ ವಿಷಯಕ್ಕೂ ಇದೇ ಮಾತು. ಬರೀ ಹೆಚ್ಚು ಕಾದಿದ್ದರೂ, ಎರಡನೇ ಸಲದ ಶುಚಿಯಿಂದಲೂ ಇಷ್ಟೇ ಆಗುತ್ತಿತ್ತೇನೋ. ಆದರೆ ನಿದ್ದೆ ಕೊಡಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

"ಹಲ್ಲು ಉದ್ದ ಆಗಿವೆ"

ಅವರಿಗೆ ಒಂದು ಬೇಸರ ಉಳಿಯಿತು. ಕನ್ನಡಿಯಲ್ಲಿ ಹಲ್ಲುಗಳು ಉದ್ದವಾಗಿ ಕಾಣುತ್ತಿದ್ದವು, ತಣ್ಣನೆಯ ನೀರು ಜುಮ್ ಎನ್ನುತ್ತಿತ್ತು. ಊತ ಇಳಿದಾಗ ಒಸಡು ಕುಗ್ಗುತ್ತದೆ, ಅದರ ಕೆಳಗೆ ಮುಚ್ಚಿಕೊಂಡಿದ್ದ ಬೇರು ಹೊರಗೆ ಕಾಣುತ್ತದೆ. ಮೂಳೆ ಮೊದಲೇ ಹೋಗಿತ್ತು, ಊತ ಅದನ್ನು ಮರೆಮಾಡಿತ್ತು. ಇದನ್ನು ಚಿಕಿತ್ಸೆಗೆ ಮೊದಲೇ ಹೇಳಿದ್ದೆ. ಆದರೂ ಕನ್ನಡಿ ನೋಡುವವರು ಅವರು, ನಾನಲ್ಲ. ಬೇಸರ ಪಡಬೇಡಿ ಎಂದು ಹೇಳಲಿಲ್ಲ.

ಹೊರಬಂದ ಬೇರಿಗೆ ಇನ್ನೊಂದು ಅಪಾಯವಿದೆ. ಹಲ್ಲಿನ ಮೇಲಿನ ಎನಾಮೆಲ್ ಆಮ್ಲಕ್ಕೆ ಕರಗುವುದು ಪಿಎಚ್ ಸುಮಾರು 5.5ಕ್ಕೆ ಇಳಿದಾಗ. ಬೇರಿನ ಮೈ 6ರ ಮೇಲೆಯೇ ಕರಗಲು ಶುರುವಾಗುತ್ತದೆ. ಒಣಬಾಯಿಯೂ ಸೇರಿದರೆ ಹುಳುಕು ಬೇಗ ಹಿಡಿಯುತ್ತದೆ. ಅದಕ್ಕೆ ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಬರೆದುಕೊಟ್ಟೆ. ರಾತ್ರಿ ಉಜ್ಜಿದ ಮೇಲೆ ಉಗುಳಿ, ಬಾಯಿ ಮುಕ್ಕಳಿಸದೆ ಹಾಗೇ ಮಲಗಲು ಹೇಳಿದೆ. ಜುಮ್ ಎನ್ನುವುದೂ ಒಂದು ತಿಂಗಳಲ್ಲಿ ಕಡಿಮೆ ಆಯಿತು.

ಒಂದು ವರ್ಷ

ಪಾಕೆಟ್‌ನ ಒಳಗೆ ರೋಗಾಣುಗಳ ಗುಂಪು ಮತ್ತೆ ಬಲಿಯಲು ಸುಮಾರು ಮೂರು ತಿಂಗಳು ಸಾಕು. ಅದಕ್ಕೇ ಮೂರು ತಿಂಗಳಿಗೊಮ್ಮೆ ಕರೆಸುತ್ತಿದ್ದೇನೆ. ಈ ಬಗೆಯ ನಿಗಾ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದಕ್ಕೆ ಸ್ವೀಡನ್ನಿನ ಒಂದು ಉದಾಹರಣೆ ಇದೆ. 1972ರಲ್ಲಿ ಶುರುವಾದ ಅಧ್ಯಯನದಲ್ಲಿ ನಿಯಮಿತವಾಗಿ ನೋಡಿಕೊಂಡವರು 30 ವರ್ಷದಲ್ಲಿ ಕಳೆದುಕೊಂಡಿದ್ದು, ಬೇರೆ ಬೇರೆ ವಯಸ್ಸಿನ ಗುಂಪುಗಳಲ್ಲಿ, ಸರಾಸರಿ 0.4ರಿಂದ 1.8 ಹಲ್ಲು. 1.8 ಎಂಬುದು ಎಲ್ಲರಿಗಿಂತ ಹಿರಿಯರ ಗುಂಪಿನದು.

ಒಂದು ವರ್ಷದ ಅಳತೆಯಲ್ಲಿ ರಕ್ತ 17 ಕಡೆ, ಶೇಕಡಾ 12. ಆಳದ ಪಾಕೆಟ್ 2. ಎರಡೂ ಬಲಗಡೆ ಕೆಳಗಿನ ಕೊನೆಯ ದವಡೆ ಹಲ್ಲಿನಲ್ಲಿ, ಬೇರಿನ ಕವಲಿನ ಹತ್ತಿರ. ಅವು ಮುಚ್ಚದೇ ಇರಬಹುದು. ಪ್ರತಿ ಸಲ ಶುಚಿ ಮಾಡುತ್ತೇವೆ, ಅಳೆಯುತ್ತೇವೆ. ಆಳ ಹೆಚ್ಚುತ್ತಿಲ್ಲ. 23 ಹಲ್ಲುಗಳೂ ಇವೆ.

ಆ ಭೇಟಿ ಮುಗಿದ ಮೇಲೆ ಅವರು ಎದ್ದು ಹೋಗದೆ ಕೂತೇ ಇದ್ದರು. "ಅವರ ಹಲ್ಲು ಉಜ್ಜಿಸೋದು ಹೇಗೆ ಹೇಳಿಕೊಡಿ" ಅಂದರು. ಗಂಡ ಬ್ರಷ್ ಬಾಯಿಗೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಏನು ಮಾಡಬೇಕೆಂದು ಮರೆತು ಹಾಗೇ ನಿಲ್ಲುತ್ತಾರಂತೆ. ಎದುರಿಗೆ ನಿಂತು ಬಾಯಿಗೆ ಕೈ ಹಾಕಿದರೆ ಹೆದರಿ ತಳ್ಳುತ್ತಾರಂತೆ.

ಕುರ್ಚಿಯಲ್ಲಿ ನಾನು ಕೂತೆ. ಅವರನ್ನು ನನ್ನ ಹಿಂದೆ ನಿಲ್ಲಿಸಿದೆ. ನನ್ನ ತಲೆಯನ್ನು ಅವರ ಮೈಗೆ ಒರಗಿಸಿಕೊಂಡು, ಎಡಗೈಯಿಂದ ಗಲ್ಲ ಹಿಡಿದು, ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಲು ಹೇಳಿದೆ. ಬ್ರಷ್ಷನ್ನು ಮೊದಲು ಗಂಡನ ಕೈಗೇ ಕೊಟ್ಟು, ಆ ಕೈಯ ಮೇಲೆ ನಿಮ್ಮ ಕೈ ಇಡಿ ಅಂದೆ. ಏನು ಮಾಡುತ್ತಿದ್ದೀರಿ ಎಂದು ಹೇಳುತ್ತಾ ಇರಿ, ದನಿ ಕೇಳಿಸುತ್ತಿರಲಿ. ಒಂದು ಹೊತ್ತಿಗೆ ಅರ್ಧ ಬಾಯಿ ಆದರೂ ಸಾಕು, ಉಳಿದರ್ಧ ಇನ್ನೊಂದು ಹೊತ್ತಿಗೆ. ಎರಡು ಸಲ ಮಾಡಿ ನೋಡಿದರು. ಎಲೆಕ್ಟ್ರಿಕ್ ಬ್ರಷ್ ನನ್ನ ದವಡೆಯ ಮೇಲೆ ಗುಂಯ್‌ಗುಡುತ್ತಿದ್ದಾಗ ಅವರ ಹೆಬ್ಬೆರಳು ಹಿಡಿಕೆಯ ಮೇಲೆ ಸಡಿಲವಾಗಿಯೇ ಇತ್ತು.

ಮುಂದಿನ ತಿಂಗಳು ಗಂಡನನ್ನು ಕರೆದುಕೊಂಡು ಬರುತ್ತಾರೆ. ಅವರಿಗೆ 78. ಎಷ್ಟು ಹಲ್ಲಿವೆ ಎಂದು ಇನ್ನೂ ಎಣಿಸಿಲ್ಲ.